ಒಂದು ಮೇಜಿಗೆ ಒಂದು ಬಾಯಿ

ಅಮ್ಮನನ್ನು ಮಣ್ಣು ಮಾಡಿ ಬರುವಾಗ ಕಾರಿನಲ್ಲಿ ಎಲ್ಡನ್ ಮಗಳಿಗೆ ಮಾತು ಕೊಟ್ಟಿದ್ದ. ‘ನನಗೂ ಅಜ್ಜಿ ಥರ ಶುರುವಾದ್ರೆ ಮೊದಲನೇ ದಿನವೇ ನಿನಗೆ ಹೇಳ್ಬಿಡ್ತೀನಿ ಮೋರೀನ್. ನೀನಾಗಿ ನೀನೇ ಕಂಡುಹಿಡಿಯೋ ಹಾಗೆ ಮಾಡಲ್ಲ.’ ಮೋರೀನ್ ಆಗಿನ್ನೂ ಕಾಲೇಜಿನ ಹುಡುಗಿ. ಅಜ್ಜಿಯ ಉಣ್ಣೆಯಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದವಳು, ‘ಆಣೆ?’ ಎಂದಿದ್ದಳು. ‘ಆಣೆ’ ಎಂದು ಅವನು ಸ್ಟಿಯರಿಂಗಿನ ಮೇಲಿನ ಒಂದು ಕೈ ಎತ್ತಿ ತೋರಿಸಿದ್ದ. ಆಗ ಅದು ಸುಲಭದ ಮಾತು ಅನ್ನಿಸಿತ್ತು. ಮರೆಯುವವನಿಗೆ ತಾನು ಮರೆಯುತ್ತಿದ್ದೇನೆಂದು ಗೊತ್ತಾಗುವ ಒಂದು ದಿನ ಇದ್ದೇ ಇರುತ್ತದೆ, ಆ ದಿನ ಬಾಗಿಲು ತಟ್ಟಿಕೊಂಡೇ ಬರುತ್ತದೆ ಎಂದು ಅವನು ನಂಬಿದ್ದ.

ಇವತ್ತು ಬೆಳಗ್ಗೆ ಫಿಲಡೆಲ್ಫಿಯಾದಿಂದ ಅಟ್ಲಾಂಟಿಕ್ ಸಿಟಿಗೆ ಬರುವ ಪಿಂಚಣಿದಾರರ ಬಸ್ಸಿನಲ್ಲಿ ಎಂದಿನಂತೆ ಕಿಟಕಿಯ ಪಕ್ಕ ಕೂತು, ಹಿಂದೆ ಹಾಕಿ ಹೋಗುವ ಕಾರುಗಳ ನಂಬರುಗಳನ್ನು ಕೂಡಿಸುತ್ತಾ ಬಂದ. ಒಂದೂ ತಪ್ಪಲಿಲ್ಲ. ಆದರೆ ಬಸ್ಸಿಳಿದ ಮೇಲೆ ಕಡಲ ದಂಡೆಯ ಹಲಗೆ ಹಾದಿಯಲ್ಲಿ ನಡೆಯುತ್ತಾ ನಡೆಯುತ್ತಾ ಬೇರೆಯದೇ ಕಸಿನೊದ ಬಾಗಿಲಿಗೆ ಹೋಗಿ ನಿಂತಿದ್ದ. ಒಳಗಿನ ರತ್ನಗಂಬಳಿ ಹಸಿರಾಗಿರಬೇಕಿತ್ತು, ಕೆಂಪಗಿತ್ತು. ಅಷ್ಟೇ. ಎಲ್ಲವಕ್ಕೂ ಅರಮನೆಗಳ ಹೆಸರು, ಎಲ್ಲದರ ಬಾಗಿಲಲ್ಲೂ ಅದೇ ಗಾಜು, ಯಾರಿಗಾದರೂ ಆಗುವುದೇ. ಇಲ್ಲ, ತಾನೇ ಸ್ವಲ್ಪ ಗಾಳಿ ಕುಡಿಯೋಣ ಅಂತ ಮುಂದೆ ಬಂದದ್ದು. ಹಾಗಂತ ಯಾರೂ ಕೇಳದಿದ್ದರೂ ಕಡಲಿನ ಕಡೆ ತಿರುಗಿ ಎರಡು ಸಲ ಜೋರಾಗಿ ಉಸಿರೆಳೆದು ತೋರಿಸಿದ. ಫೆಬ್ರವರಿಯ ಕಡಲು ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಒಂದು ಕಡಲಹಕ್ಕಿ ಯಾರೋ ಬಿಸಾಕಿದ ಹುರಿದ ಆಲೂಗಡ್ಡೆಯ ಪೊಟ್ಟಣವನ್ನು ಎಳೆದಾಡುತ್ತಾ ಅವನನ್ನೇ ಅನುಮಾನದಿಂದ ನೋಡಿತು.

ಈಗ ಸರಿಯಾದ ಕಸಿನೊದಲ್ಲಿ, ಸರಿಯಾದ ಇಸ್ಪೀಟಿನ ಮೇಜಿನಲ್ಲಿ, ಮೊದಲ ಕುರ್ಚಿಯಲ್ಲಿ ಕೂತಿದ್ದಾನೆ. ಅವನ ಮುಂದೆ ಐದೈದು ಡಾಲರಿನ ಕೆಂಪು ಬಿಲ್ಲೆಗಳ ಒಂದು ಗಿಡ್ಡ ರಾಶಿ. ಪಕ್ಕದಲ್ಲಿ ಕಿವಿಗೆ ಯಂತ್ರ ಹಾಕಿಕೊಂಡ ಟ್ರೆಂಟನ್‌ನ ಮುದುಕ, ಅವನಾಚೆ ಎರಡು ಖಾಲಿ ಕುರ್ಚಿ, ಕೊನೆಯಲ್ಲಿ ಲೊರೆಟಾ. ಲೊರೆಟಾ ಹಲ್ಲಿನ ಡಾಕ್ಟರರ ಷಾಪಿನಲ್ಲಿ ಫೋನು ಎತ್ತುವವಳು, ಎಲೆ ಎಣಿಸಿ ಜೂಜು ಗೆಲ್ಲುವ ಎಲ್ಡನ್ ಮತ್ತು ಮೋರೀನ್‌ರ ತಂಡದವಳು. ಇಲ್ಲಿ ಮಾತ್ರ ಅವಳು ಯಾರೋ, ಇವನು ಯಾರೋ. ಇವನ ಅಡುಗೆಮನೆಯಲ್ಲೇ ಎಣಿಸಲು ಕಲಿತವಳು; ಎರಡು ಸಲ ಪರೀಕ್ಷೆಯಲ್ಲಿ ಬಿದ್ದವಳು. ಪರೀಕ್ಷೆಯೆಂದರೆ ತಂಡದಲ್ಲಿ ಎಲ್ಡನ್ ತಾನೇ ಜಾರಿಗೆ ತಂದ ಪದ್ಧತಿ. ಎದುರಿಗೆ ಎಲೆಗಳನ್ನು ಚಕಚಕ ಬಿಡುತ್ತಾ ಹೋಗುವುದು. ಹಿಂದೆ ಒಬ್ಬರು ಕಸ ಎಳೆಯುವ ಯಂತ್ರ ಹಾಕಿರುತ್ತಾರೆ, ಇನ್ನೊಬ್ಬರು ಬಾಣಲೆ ಬಡಿಯುತ್ತಾರೆ, ಮತ್ತೊಬ್ಬರು ಕಿವಿಯ ಹತ್ತಿರ ಬಂದು ‘ನಿಮ್ಮ ಫೋನ್ ನಂಬರೇನು, ನಿಮ್ಮ ಹೆಂಡತಿ ಹುಟ್ಟಿದ್ದು ಯಾವಾಗ’ ಎಂದು ಕೇಳುತ್ತಲೇ ಇರುತ್ತಾರೆ. ಕೊನೆಯಲ್ಲಿ ಅಂಕಿ ಸರಿ ಹೇಳಿದರೆ ಮೇಜಿಗೆ, ಇಲ್ಲದಿದ್ದರೆ ಮನೆಗೆ. ಎರಡನೇ ಸಲ ಬಿದ್ದಾಗ ಲೊರೆಟಾ ಅತ್ತಿದ್ದಳು. ‘ಅಳೋದಕ್ಕೂ ಒಂದು ಕೂಡಿಸ್ಕೋ, ಲೆಕ್ಕ ತಪ್ಪಬಾರದು’ ಎಂದು ಅವನು ನಗಿಸಲು ನೋಡಿದ್ದ. ಈಚೆಗೆ ಅವಳನ್ನು ಯಾವಾಗಲೂ ಅವನ ಮೇಜಿನಲ್ಲೇ ಕೂರಿಸುತ್ತಿದ್ದರು. ‘ನಿನ್ನ ನೋಡಿ ಕಲೀಲಿ ಅಂತ ಅಪ್ಪ’ ಎಂದಿದ್ದಳು ಮೋರೀನ್. ಅವನಿಗೆ ಅದು ಹಿಡಿಸಿತ್ತು. ಆಗಾಗ ಅವಳಿಗೆ ಕಾಣಲೆಂದೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

ಕೆಲಸ ದೊಡ್ಡದೇನಲ್ಲ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಅಂಕಿ ಏರಿದಷ್ಟೂ ಎಲೆ ಹಂಚುವ ಪೆಟ್ಟಿಗೆಯಲ್ಲಿ ಉಳಿದಿರುವುದು ದೊಡ್ಡ ಎಲೆಗಳು, ಆಡುವವರು ಗೆಲ್ಲುವ ಕಾಲ. ಆಗ ಎಲ್ಡನ್ ಕೈ ಕಟ್ಟಿಕೊಂಡು ಕೂರುತ್ತಾನೆ. ಎಲ್ಲೋ ದೂರದಲ್ಲಿ ಗ್ಲಾಸು ಹಿಡಿದು ಅಡ್ಡಾಡುತ್ತಿರುವ ಮೋರೀನ್ ಅದನ್ನು ನೋಡಿ, ಗಂಡನನ್ನು ಬಿಟ್ಟು ಅವನ ದುಡ್ಡನ್ನು ಮಾತ್ರ ಇಟ್ಟುಕೊಂಡ ಹೆಂಗಸಿನ ಹಾಗೆ ಬಂದು ಕೂತು, ದೊಡ್ಡ ದುಡ್ಡು ಹೂಡುತ್ತಾಳೆ. ಅಂಕಿ ಎಷ್ಟೆಂದು ಅವಳಿಗೆ ತಿಳಿಯುವುದು ಅವನ ಹರಟೆಯಿಂದ. ವಾರ ಅಂದರೆ ಏಳು. ಬೆರಳು ಅಂದರೆ ಹತ್ತು. ಮೊಟ್ಟೆ ಅಂದರೆ ಒಂದು ಡಜನ್. ಅಂಗೈಯನ್ನು ಕುತ್ತಿಗೆಯ ಹಿಂದೆ ಇಟ್ಟರೆ: ನನಗೆ ಲೆಕ್ಕ ತಪ್ಪಿತು, ಎದ್ದು ಹೋಗು. ಈ ಊರಿನಲ್ಲಿ ಎಣಿಸುವವರನ್ನು ಹೊರಗೆ ತಳ್ಳುವಂತಿಲ್ಲ. ಅನುಮಾನ ಬಂದರೆ ನಗುನಗುತ್ತಲೇ ಎಲೆಗಳನ್ನು ಕಲಸಿಬಿಡುತ್ತಾರೆ, ಅಷ್ಟು ಹೊತ್ತಿನ ಕೂಡು-ಕಳೆ ಎಲ್ಲಾ ಗಾಳಿಗೆ. ಅದಕ್ಕೇ ಈ ನಾಟಕ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬೀದಿವಾರು ಗೂಡುಗಳಿಗೆ ಎಸೆದ ಎಲ್ಡನ್‌ಗೆ ಇದು ಕೈಗೆ ಹೊಸದಾದರೂ ತಲೆಗೆ ಹೊಸದಲ್ಲ. ಮಗಳು ತಂಡ ಸೇರಿ, ಒಂದು ಭಾನುವಾರ ಊಟದ ಮೇಜಿನಲ್ಲಿ ಅದನ್ನು ತಮಾಷೆಗೆ ಕಲಿಸಿದಾಗ, ಅವಳಿಗಿಂತ ಬೇಗ ಎಣಿಸಿ ತೋರಿಸಿದ್ದ. ಅವತ್ತು ಅವಳು ಅವನನ್ನು ನೋಡಿದ ರೀತಿ! ಚಿಕ್ಕವಳಿದ್ದಾಗ ಅವನು ಅಲುಗಾಡುವ ಹಲ್ಲನ್ನು ನೋವಾಗದ ಹಾಗೆ ಕಿತ್ತು ಅಂಗೈಯಲ್ಲಿಟ್ಟಾಗ ನೋಡಿದಂತೆ. ಆ ನೋಟಕ್ಕಾಗಿಯೇ ತಾನು ವಾರವಾರ ಈ ಬಸ್ಸು ಹತ್ತುತ್ತಿರುವುದೇನೋ.

ಎಲೆ ಹಂಚುವವಳ ಹೆಸರು ಯೋಲಾಂಡಾ ಎಂದು ಅವಳ ಎದೆಯ ಮೇಲಿನ ಪಟ್ಟಿ ಹೇಳುತ್ತಿತ್ತು. ‘ಏನ್ ಸಾರ್, ಇವತ್ತು ಊಟದ ಕೂಪನ್ನಾದ್ರೂ ಗೆದ್ಕೊಂಡು ಹೋಗ್ತೀರೋ ಇಲ್ವೋ?’ ಎಂದಳು.

‘ಕೂಪನ್ ಬಸ್ಸಿನೋರೇ ಕೊಟ್ಟವ್ರೆ. ಊಟಕ್ಕೆ ಹಲ್ಲು ಗೆಲ್ಬೇಕು ಅಷ್ಟೇ’ ಎಂದ ಎಲ್ಡನ್.

ಟ್ರೆಂಟನ್‌ನ ಮುದುಕ ತಡವಾಗಿ, ಬೇರೆ ಯಾವುದಕ್ಕೋ ಎಂಬಂತೆ ನಕ್ಕ. ಸಣ್ಣ ಎಲೆಗಳು ಒಂದರ ಹಿಂದೊಂದು ಬೀಳತೊಡಗಿದವು. ಮೂರು, ಐದು, ಐದು, ಎರಡು. ಅಂಕಿ ಏಣಿ ಹತ್ತಿತು. ಹತ್ತಕ್ಕೆ ಬಂದಾಗ ಎಲ್ಡನ್ ಕೈ ಕಟ್ಟಿದ. ಸ್ವಲ್ಪ ಹೊತ್ತಿನಲ್ಲೇ ಅತ್ತರಿನ ವಾಸನೆ, ಬಳೆಗಳ ಸದ್ದು. ಮೋರೀನ್ ಒಂದು ಖಾಲಿ ಕುರ್ಚಿಯನ್ನು ಎಳೆದುಕೊಂಡು, ‘ಇಲ್ಲಾದ್ರೂ ನನ್ನ ಗಂಡನ ದುಡ್ಡಿಗೆ ಗತಿ ಕಾಣಿಸ್ತೀರಾ?’ ಎಂದು ಮೇಜಿಗೆಲ್ಲ ಕೇಳುವ ಹಾಗೆ ಹೇಳಿದಳು. ಕಣ್ಣಿನ ಕೆಳಗೆ ಪೌಡರು ದಪ್ಪಗಿತ್ತು. ಅವಳ ಮಗನಿಗೆ ನಿನ್ನೆಯಿಂದ ಜ್ವರ, ನಿದ್ದೆ ಮಾಡಿಲ್ಲ ಎಂಬುದು ಎಲ್ಡನ್‌ಗೆ ಗೊತ್ತು. ಪರಿಚಯವಿಲ್ಲದ ಮುದುಕನಿಗೆ ಗೊತ್ತಿರುವಂತಿಲ್ಲ.

‘ಈ ಚಳೀಗೆ ಬೆರಳೆಲ್ಲ ಮರಗಟ್ಟಿಹೋಗಿದೆ ಕಣಮ್ಮ’ ಎಂದ.

ಅವಳು ಕೇಳಿಸಿಕೊಳ್ಳದವಳಂತೆ ನೂರರ ಕಪ್ಪು ಬಿಲ್ಲೆಗಳನ್ನು ಮುಂದೆ ಸರಿಸಿದಳು. ಮೊದಲ ಸುತ್ತು ಗೆದ್ದಳು. ಎರಡನೆಯದು ಸೋತಳು. ಎಲ್ಲಾ ಸರಿಯಾಗಿಯೇ ಇತ್ತು. ಮೂರನೇ ಸುತ್ತಿನಲ್ಲಿ ಯೋಲಾಂಡಾ ಮುಂದೆ ಬಾಗಿದಾಗ ಎಲ್ಡನ್‌ನ ಕಣ್ಣು ಅವಳ ಕೋಟಿನ ಗುಂಡಿಗಳ ಮೇಲೆ ಬಿತ್ತು. ಹೊಳೆಯುವ ಹಿತ್ತಾಳೆಯ ಗುಂಡಿಗಳು. ಅಮ್ಮ ಕೊನೆಗಾಲದಲ್ಲಿ ವೃದ್ಧರ ಆಸ್ಪತ್ರೆಯ ಕಿಟಕಿಯ ಹತ್ತಿರ ಕೂತು ತನ್ನ ಉಣ್ಣೆಯಂಗಿಯ ಗುಂಡಿಗಳನ್ನು ಎಣಿಸುತ್ತಿದ್ದಳು. ಒಂದು, ಎರಡು, ನಾಲ್ಕು. ಮತ್ತೆ ಮೊದಲಿನಿಂದ. ಅವನು ಹೋದರೆ ತಲೆಯೆತ್ತಿ, ‘ಕಾಗದ ಇದೆಯೇನಪ್ಪ?’ ಎನ್ನುತ್ತಿದ್ದಳು. ಮಗನೆಂದು ಮರೆತಿದ್ದಳು, ಅಂಚೆಯವನೆಂದು ಮರೆತಿರಲಿಲ್ಲ. ‘ಇವತ್ತು ಇಲ್ಲಮ್ಮ’ ಎಂದು ಅವನು ಹೇಳುತ್ತಿದ್ದ; ಒಂದು ದಿನ ಬೇಜಾರಾಗಿ, ‘ಇದೆ, ನಿನ್ನ ಮಗ ಬರೆದಿದ್ದಾನೆ, ಬರೋಕೆ ಪುರುಸೊತ್ತಿಲ್ವಂತೆ’ ಎಂದುಬಿಟ್ಟಿದ್ದ. ಅಮ್ಮ, ‘ಪಾಪ, ಅವನಿಗೆ ಎಷ್ಟು ಕೆಲಸವೋ’ ಎಂದಿದ್ದಳು.

‘ಸಾರ್, ನಿಮ್ಮ ಆಟ. ಇನ್ನೊಂದು ಎಲೆ ಬೇಕಾ, ಸಾಕಾ?’

ಸಾಕೆಂದು ಕೈ ಆಡಿಸಿದ. ಆಡಿಸಿದ ಮೇಲೆ ತನ್ನ ಮುಂದಿದ್ದ ಎಲೆಗಳು ಯಾವುವೆಂದು ನೋಡಿದ. ಅಷ್ಟರಲ್ಲಿ ಸುತ್ತು ಮುಗಿದು, ಯೋಲಾಂಡಾಳ ಅಂಗೈ ಮೇಜನ್ನೆಲ್ಲಾ ಸವರಿಕೊಂಡು ಹೋಯಿತು. ಅಂಕಿ ಎಷ್ಟಿತ್ತು? ಹನ್ನೊಂದು. ಹನ್ನೊಂದೋ, ಏಳೋ. ಹನ್ನೊಂದು ಎಂದುಕೊಂಡರೆ ಹನ್ನೊಂದೇ ಅನ್ನಿಸಿತು. ಏಳು ಎಂದುಕೊಂಡರೆ ಅದೂ ಅಷ್ಟೇ ನಿಜವಾಗಿ, ಅಷ್ಟೇ ಹಳೆಯ ಪರಿಚಯದ ಮುಖ ಹೊತ್ತು ಎದುರಿಗೆ ನಿಂತಿತು. ಕತ್ತಲಲ್ಲಿ ಮೆಟ್ಟಿಲು ಮುಗಿದ ಮೇಲೂ ಇನ್ನೊಂದಿದೆಯೆಂದು ಕಾಲಿಟ್ಟವನಂತೆ ಮೇಜಿನ ಅಂಚನ್ನು ಹಿಡಿದುಕೊಂಡ. ಅಂಗೈ ತಾನಾಗಿ ಕುತ್ತಿಗೆಯ ಕಡೆ ಎದ್ದಿತು. ಇದೇ ಆ ದಿನ. ಅಂಗೈಯನ್ನು ಅಲ್ಲಿಟ್ಟರೆ ಮೋರೀನ್ ಏಳುತ್ತಾಳೆ. ಆಮೇಲೆ ಏನಾಯಿತೆಂದು ಕೇಳುತ್ತಾಳೆ. ಆಮೇಲೆ ಡಾಕ್ಟರು, ಇವತ್ತು ಯಾವ ವಾರ, ಅಧ್ಯಕ್ಷರು ಯಾರು ಎಂಬ ಪ್ರಶ್ನೆಗಳು, ಆಮೇಲೆ ಆ ಕಿಟಕಿ. ಕೈ ಅರ್ಧದಲ್ಲಿ ದಾರಿ ಬದಲಿಸಿ ಕಿವಿಯನ್ನು ತುರಿಸಿತು. ಹೇಳುವುದಾದರೆ ಕಡಿಮೆಯದನ್ನೇ ಹೇಳೋಣ, ಅವಳು ಕಡಿಮೆ ಹೂಡುತ್ತಾಳೆ, ಹೋದರೂ ಹೆಚ್ಚು ಹೋಗುವುದಿಲ್ಲ ಎಂದು ಯೋಚಿಸಿದ. ಯೋಚನೆ ಇಷ್ಟು ಚುರುಕಾಗಿರುವಾಗ ತಲೆಗೆ ಏನಾಗಿದೆ?

‘ಒಂದು ವಾರದಿಂದ ಬೆನ್ನುನೋವು ಬಿಟ್ಟಿಲ್ಲ’ ಎಂದ, ಯಾರಿಗೂ ಅಲ್ಲದ ಹಾಗೆ.

‘ನಮ್ಮ ಮನೇಲಿ ನೋಡಿ,’ ಎಂದಳು ಕೊನೆಯ ಕುರ್ಚಿಯ ಲೊರೆಟಾ, ಯೋಲಾಂಡಾಳ ಕಡೆ ತಿರುಗಿ, ‘ಬೆಳಗೆದ್ದರೆ ಮೊಟ್ಟೆ, ಮೊಟ್ಟೆ, ಮೊಟ್ಟೆ. ನನ್ನ ಮೈದುನನಿಗೆ ಬೇರೆ ತಿಂಡೀನೇ ಗೊತ್ತಿಲ್ಲ ಮಾರಾಯ್ತಿ.’

ಎಲ್ಡನ್‌ಗೆ ಸಿಟ್ಟು ಬಂತು. ಒಂದು ಮೇಜಿಗೆ ಒಂದು ಬಾಯಿ: ಅದು ಅವನೇ ಮಾಡಿದ ನಿಯಮ. ಇಬ್ಬರು ಎಣಿಸಬಹುದು, ಒಬ್ಬರು ಮಾತ್ರ ಹೇಳಬೇಕು. ಇಲ್ಲದಿದ್ದರೆ ಹೂಡುವವರು ಯಾರನ್ನು ನಂಬುವುದು? ದಡ್ಡಿ, ಅಭ್ಯಾಸವನ್ನು ಗಟ್ಟಿಯಾಗಿ ಬಾಯಲ್ಲಿ ಮಾಡುತ್ತಿದ್ದಾಳೆ, ಮೋರೀನ್‌ಗೆ ಗೊಂದಲವಾಗುತ್ತದೆ ಎಂದು ಕಣ್ಣು ಕೆಕ್ಕರಿಸಿ ನೋಡಿದ. ಲೊರೆಟಾ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಮೋರೀನ್‌ಗೆ ಗೊಂದಲವಾಗಿರಲಿಲ್ಲ. ಅವಳು ಕಪ್ಪು ಬಿಲ್ಲೆಗಳ ಎರಡು ರಾಶಿಯನ್ನು, ಮೊದಲಿಗಿಂತ ಎತ್ತರದ ರಾಶಿಗಳನ್ನು, ಮುಂದೆ ತಳ್ಳಿದಳು.

ಕೇಳಿಸಲಿಲ್ಲವೇನೋ. ಮತ್ತೆ, ಗಂಟಲು ಸರಿಮಾಡಿಕೊಂಡು, ಟ್ರೆಂಟನ್‌ನ ಮುದುಕನ ಯಂತ್ರಕ್ಕೂ ಕೇಳುವ ಹಾಗೆ, ‘ಇನ್ನೊಂದು ವಾರ ನೋಡ್ತೀನಿ, ಆಮೇಲೆ ಡಾಕ್ಟರ ಹತ್ರ ಹೋಗ್ತೀನಿ’ ಎಂದ.

‘ಹೋಗಿ ಅಜ್ಜ, ಹೋಗಿ. ವಯಸ್ಸಾದ ಮೇಲೆ ಉದಾಸೀನ ಮಾಡಬಾರದು’ ಎಂದಳು ಅವನ ಮಗಳು, ಯಾವನೋ ಬಸ್ಸಿನ ಮುದುಕನಿಗೆ ಹೇಳುವ ಹಾಗೆ, ತಿರುಗಿ ನೋಡದೆ. ಹೇಳುತ್ತಲೇ ಪಕ್ಕದ ಖಾಲಿ ಕುರ್ಚಿಯ ಮುಂದಿನ ಚೌಕಕ್ಕೂ ಒಂದು ರಾಶಿ ಇಟ್ಟಳು. ಎಲೆಗಳು ಬಂದವು. ರಾಜ, ರಾಣಿ. ಎಕ್ಕ, ಹತ್ತು. ಯೋಲಾಂಡಾ ಹುಬ್ಬು ಹಾರಿಸಿ ಬಿಲ್ಲೆ ಎಣಿಸಿಕೊಟ್ಟಳು. ದೂರದ ಮೇಲ್ವಿಚಾರಕ ಒಂದು ಹೆಜ್ಜೆ ಹತ್ತಿರ ಬಂದು ನಿಂತ.

‘ಅಯ್ಯೋ, ಇನ್ನೂ ಮೊಟ್ಟೆ ಬೇಯಿಸೋದ್ರಲ್ಲೇ ಇದ್ದೀರಾ ನೀವು!’ ಎಂದು ಮೋರೀನ್ ಲೊರೆಟಾಳ ಕಡೆ ನಕ್ಕಳು.

ಆಗ ಗೊತ್ತಾಯಿತು. ಗೊತ್ತಾದದ್ದು ತಲೆಗಿಂತ ಮೊದಲು ಮುಖಕ್ಕೆ. ಕೆನ್ನೆ, ಕಿವಿ ಎಲ್ಲಾ ಬಿಸಿಯಾದವು. ಮಗಳು ಅವನ ಮಾತು ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಕೊನೆಯ ಕುರ್ಚಿಯ, ಎರಡು ಸಲ ಬಿದ್ದು ಅತ್ತವಳ ಮಾತು. ಮೇಜಿಗೆ ಬಾಯಿ ಒಂದೇ ಇತ್ತು, ಅದು ಅವನದಾಗಿರಲಿಲ್ಲ. ಎಷ್ಟು ದಿನದಿಂದ? ಲೊರೆಟಾ ಅವನ ಮೇಜಿಗೆ ಬಂದದ್ದು ಕ್ರಿಸ್ಮಸ್‌ಗೂ ಮುಂಚೆ. ಅದರ ಹಿಂದಿನ ವಾರಗಳಲ್ಲೇ ಅಲ್ಲವೇ, ಅಂಕಿ ಇಳಿಯಿತು, ಎದ್ದು ಹೋಗು ಎಂದು ಸಂಜ್ಞೆ ಕೊಟ್ಟರೂ ಮೋರೀನ್ ಕೂತೇ ಇದ್ದದ್ದು, ವಾಪಸು ಹೋಗುವಾಗ ತಂಡದ ಕಾರಿನಲ್ಲಿ ಇವನು ರೇಗಾಡಿದ್ದು? ‘ಕೇಳಿಸಲಿಲ್ಲಪ್ಪ, ತಪ್ಪಾಯ್ತು’ ಎಂದಿದ್ದಳು. ‘ಹೋಗಿ ಕಿವಿ ತೋರಿಸ್ಕೊಂಡು ಬಾ’ ಎಂದು ಇವನು ಎಲ್ಲರ ಮುಂದೆ ಗದರಿದ್ದ. ಮುಂದಿನ ವಾರ ಅವಳು ಬಂದು, ‘ತೋರಿಸಿದೆ. ಗುಗ್ಗೆ ಕಟ್ಟಿತ್ತಂತೆ, ತೆಗೆದರು’ ಎಂದಿದ್ದಳು. ತಂಡದವರೆಲ್ಲ ನಕ್ಕಿದ್ದರು. ಅವರ ನಗುವಿನಲ್ಲಿ ಒಂದು ಮರುಕ ಇತ್ತೇ? ಅವಳು ಡಾಕ್ಟರ ಹತ್ತಿರ ಹೋಗಿಯೇ ಇರಲಿಲ್ಲವೇನೋ. ಅಥವಾ ನಿಜವಾಗಿಯೂ ಹೋಗಿ, ಸರಿಯಾಗಿಯೇ ಇರುವ ಕಿವಿಗಳನ್ನು ತೋರಿಸಿ, ತಪ್ಪು ತನ್ನದಿರಲಿ ದೇವರೇ ಎಂದು ಕಾದು ಕೂತಿದ್ದಳೋ. ಅದು ಇನ್ನೂ ಕೆಟ್ಟದ್ದು.

ಅದಕ್ಕಿಂತ ಕೆಟ್ಟದ್ದು ನಿಧಾನವಾಗಿ ಬಂತು. ಇವತ್ತು ತಪ್ಪಿದ್ದು ಅವನಿಗೆ ಗೊತ್ತಾಗಿದೆ. ಆಗ ತಪ್ಪಿದ್ದು ಗೊತ್ತೇ ಆಗಿರಲಿಲ್ಲ. ಆ ದಿನಗಳಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ತುಂಬಿದ ಆತ್ಮವಿಶ್ವಾಸದಿಂದ ಸುಳ್ಳು ಅಂಕಿಗಳನ್ನು ಹೇಳಿದ್ದ, ಮನೆಗೆ ಹೋಗಿ ಸುಖವಾಗಿ ನಿದ್ದೆ ಮಾಡಿದ್ದ. ಮೊದಲನೇ ದಿನ ಬಾಗಿಲು ತಟ್ಟದೆ ಬಂದು, ಒಳಗೆ ಓಡಾಡಿಕೊಂಡು, ಹೊರಟೂ ಹೋಗಿತ್ತು. ಹಾಗಾದರೆ ಕೊಟ್ಟ ಮಾತಿಗೆ ಈಗ ಏನರ್ಥ? ಇಲ್ಲ, ಇವತ್ತನ್ನೇ ಮೊದಲನೆಯದೆಂದು ಲೆಕ್ಕ ಹಿಡಿಯಬಹುದು. ಗೊತ್ತಾದ ಮೊದಲನೇ ದಿನ. ಇವತ್ತು ಸಂಜೆಯೊಳಗೆ ಹೇಳಿದರೆ ಮಾತು ಉಳಿದಂತೆಯೇ. ತನ್ನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದ. ಎಲೆ ಕಲಸುವ ಹೊತ್ತಾಯಿತೆಂದು ಹೇಳುವ ಹಳದಿ ತುಂಡು ಪೆಟ್ಟಿಗೆಯಿಂದ ಹೊರಬಂತು. ಮೋರೀನ್ ಎದ್ದು, ಬಿಲ್ಲೆಗಳನ್ನು ಚೀಲಕ್ಕೆ ಸುರಿದುಕೊಂಡು, ‘ಬರ್ತೀನಿ ಅಜ್ಜ, ಬೆನ್ನು ನೋಡ್ಕೊಳ್ಳಿ’ ಎಂದು ಹೋದಳು. ಯೋಲಾಂಡಾ ಎಲೆ ಕಲಸಿದಳು. ಹೊಸ ಪೆಟ್ಟಿಗೆ, ಸೊನ್ನೆಯಿಂದ ಶುರು. ಯಾರಿಗೂ ಬೇಡವಾದ ಆ ಪೆಟ್ಟಿಗೆಯನ್ನು ಎಲ್ಡನ್ ಕೊನೆಯವರೆಗೂ ಎಣಿಸಿದ. ಸರಿಯಾಗಿ ಎಣಿಸಿದೆ ಅನ್ನಿಸಿತು, ಆದರೆ ಅನ್ನಿಸುವುದಕ್ಕೆ ಈಗ ಬೆಲೆ ಇರಲಿಲ್ಲ.

ಆಟ ಮುಗಿದ ಮೇಲೆ ಅವರು ಸೇರುವುದು ಎರಡು ಬೀದಿ ಒಳಗಿನ ಒಂದು ಗ್ರೀಕನ ಹೋಟೆಲಿನಲ್ಲಿ. ಮಧ್ಯಾಹ್ನದ ಇಳಿಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಇವನು ಹೋದಾಗ ಮೋರೀನ್ ಮೂಲೆಯ ಫೋನಿನಲ್ಲಿದ್ದಳು. ‘ಎಷ್ಟಿದೆ? ಒದ್ದೆ ಬಟ್ಟೆ ಹಾಕಿದ್ರಾ? ಅವನಿಗೆ ಕೊಡಿ ಒಂದ್ನಿಮಿಷ... ಚಿನ್ನ, ಅಮ್ಮ ಬರ್ತಾ ಇದೀನಿ ಕಣೋ.’ ಬಳೆಗಳನ್ನು ತೆಗೆದು ಕೋಟಿನ ಜೇಬಿಗೆ ಹಾಕಿದ್ದಳು. ಲೊರೆಟಾ ಒಬ್ಬಳೇ ಮೇಜಿನಲ್ಲಿ ಚಿಪ್ಪುಮೀನಿನ ಸೂಪಿನಲ್ಲಿ ಬಿಸ್ಕತ್ತು ಮುರಿದು ಹಾಕುತ್ತಿದ್ದವಳು, ಇವನನ್ನು ಕಂಡು ಸರಿದು ಜಾಗ ಮಾಡಿದಳು.

‘ಬನ್ನಿ ಮೇಷ್ಟ್ರೇ. ಬೆನ್ನು ಹೇಗಿದೆ?’

‘ಯಾವ ಬೆನ್ನು?’

‘ಅಲ್ಲಿ... ವಾರದಿಂದ ಅಂದ್ರಲ್ಲ.’ ಅವಳು ನಕ್ಕಳು, ಆಮೇಲೆ ಆ ನಗುವನ್ನು ಎಲ್ಲಿಡಬೇಕೋ ತಿಳಿಯದವಳಂತೆ ಸೂಪಿನೊಳಗೆ ನೋಡಿದಳು. ‘ಮೇಷ್ಟ್ರೇ, ಒಂದು ಮಾತು...’

‘ಸೂಪು ಆರುತ್ತೆ’ ಎಂದ ಎಲ್ಡನ್.

ಮೋರೀನ್ ಬಂದು ಎದುರಿಗೆ ಕುಸಿದಳು. ಪೌಡರು ಅಳಿಸಿಹೋಗಿ ಕಣ್ಣಿನ ಕೆಳಗೆ ಅವಳ ಅಜ್ಜಿಯದೇ ಆ ನೀಲಿ ನೆರಳು ಕಾಣುತ್ತಿತ್ತು. ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅವನನ್ನು ನೇರವಾಗಿ ನೋಡದೆ, ‘ಹೇಗಿತ್ತಪ್ಪ ಇವತ್ತು?’ ಎಂದಳು. ಪ್ರತಿವಾರವೂ ಕೇಳುತ್ತಿದ್ದಳು ಇದನ್ನು. ಎಲ್ಡನ್‌ಗೆ ಈಗ ಮಾತ್ರ ಹೊಳೆಯಿತು, ಅದು ಆಟದ ಪ್ರಶ್ನೆಯಲ್ಲ. ಅವಳು ವಾರವಾರ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದಾಳೆ, ಅವನಾಗಿಯೇ ಬರಲಿ ಎಂದು. ಅದಕ್ಕಾಗಿ ಒಂದು ಕುರ್ಚಿಯನ್ನು, ಲೊರೆಟಾಳ ಇಡೀ ದಿನವನ್ನು ಮೀಸಲಿಟ್ಟಿದ್ದಾಳೆ, ತಂಡದವರ ಬಾಯಿ ಮುಚ್ಚಿಸಿದ್ದಾಳೆ. ಹೇಳಿದರೆ ಅವಳ ಭುಜ ಇಳಿಯುತ್ತದೆ, ಬಹುಶಃ ಅಳುತ್ತಾಳೆ, ಕೈ ಹಿಡಿಯುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಅವಳು ತಲೆಯೆತ್ತಿದಳು, ಆ ನೋಟದಲ್ಲಿ ಕಿತ್ತ ಹಲ್ಲನ್ನು ಕಂಡ ಹುಡುಗಿ ಇರಲಿಲ್ಲ. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿ ಇದ್ದಳು.

‘ನನ್ನದು ಸರಿಯಾಗೇ ಇತ್ತು’ ಎಂದ ಎಲ್ಡನ್. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ. ‘ತಪ್ಪು ಮಾಡಿದ್ದು ಇವಳು. ನಾನು ಏಳು ಅಂತೀನಿ, ಇವಳು ಮೊಟ್ಟೆ ಮೊಟ್ಟೆ ಅಂತ ಬಡ್ಕೋತಾಳೆ. ಒಂದು ಮೇಜಿಗೆ ಒಂದು ಬಾಯಿ ಅಂತ ಎಷ್ಟು ಸಲ ಹೇಳಿದೀನಿ? ಅದೂ ತಪ್ಪು ಅಂಕಿ. ದೊಡ್ಡ ಎಲೆ ಬಂದಿದ್ದು ನಿನ್ನ ಪುಣ್ಯ ಮೋರೀನ್, ಇಲ್ದಿದ್ರೆ ಎಲ್ಲಾ ಹೋಗ್ತಿತ್ತು.’

ಗ್ರೀಕ ಎಲ್ಲೋ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಎಲ್ಡನ್ ಕಾದ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟರೆ ಸಾಕು, ತಾನು ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತೇನೆ ಎಂದುಕೊಂಡ. ಬಿಡಬಾರದು ಎಂದೂ ಬೇಡಿಕೊಂಡ.

ಲೊರೆಟಾ ಮೋರೀನ್‌ಳನ್ನು ನೋಡಿದಳು. ಮೋರೀನ್ ಕಾಫಿಯೊಳಗೆ ನೋಡುತ್ತಿದ್ದಳು. ‘ತಪ್ಪಾಯ್ತು ಮೇಷ್ಟ್ರೇ’ ಎಂದಳು ಲೊರೆಟಾ. ಅವಳ ಕುತ್ತಿಗೆಯೆಲ್ಲ ಕೆಂಪಾಗಿತ್ತು. ‘ಎಲ್ಲೋ ಕಣ್ತಪ್ಪಿತು.’

‘ಮುಂದಿನ ವಾರ ನನ್ನ ಮೇಜಿಗೆ ಬರಬೇಡ ನೀನು. ಭಾನುವಾರ ಮನೆಗೆ ಬಾ. ಮತ್ತೆ ಪರೀಕ್ಷೆ ಮಾಡ್ತೀನಿ.’

‘ಆಗಲಿ ಮೇಷ್ಟ್ರೇ.’

‘ಸರಿ ಅಲ್ವಾ ಮೋರೀನ್?’

ಮೋರೀನ್ ಬಟ್ಟಲನ್ನು ಕೆಳಗಿಟ್ಟಳು. ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟಳು. ಆಮೇಲೆ, ‘ಸರಿ ಅಪ್ಪ’ ಎಂದು, ಕೋಟು ಹಾಕಿಕೊಳ್ಳಲು ಎದ್ದಳು.

ಶುರುವಾದರೆ ಮೊದಲನೇ ದಿನವೇ ಹೇಳುತ್ತೇನೆಂದು ಎಲ್ಡನ್ ಮಗಳಿಗೆ ಮಾತು ಕೊಟ್ಟಿದ್ದ. ಹೇಳಲಿಲ್ಲ.